20 ಬೈಟಿನ ಬ್ಯಾಕಪ್: ಡೇಟಾಬೇಸ್ ನಕಲು ತಾನಾಗೇ ಆಗಲಿ ಅಂತ ಬಿಟ್ಟಾಗ

ಕಳೆದ ವರ್ಷ ಏಪ್ರಿಲ್‌ನಲ್ಲಿ, ಊಟದ ಹೊತ್ತಿಗೆ, ಮುನೀಮರ ಫೋನ್ ಬಂತು.

"ಸರ, ಒಂದ್ ಪಾವತಿ ಅಳಸಾಕ ಹೋಗಿ ಏನೇನೋ ಅಳಸೇನ್ರಿ. ನಿನ್ನಿದು ಹಾಕಿ ಕೊಡ್ರೆಲಾ."

ಇವರು ಇರುವುದು ವಿಜಯಪುರದ ಹತ್ತಿರ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ. ಒಣದ್ರಾಕ್ಷಿ ಇಡುವ ಜಾಗ. ಶೆಡ್‌ನಲ್ಲಿ ಒಣಗಿ, 15 ಕೆಜಿ ಬಾಕ್ಸ್‌ಗಳಲ್ಲಿ ತುಂಬಿ ಬರುವ ಮಾಲು ಒಳ್ಳೆ ರೇಟು ಬರುವವರೆಗೆ ಇಲ್ಲೇ ತಣ್ಣಗೆ ಕೂತಿರುತ್ತದೆ. ಯಾವ ರೈತರದು ಎಷ್ಟು ಬಾಕ್ಸ್, ಯಾವ ಚೇಂಬರ್, ಬಾಡಿಗೆ ಎಷ್ಟು ಬಾಕಿ, ಮಾಲಿನ ಮೇಲೆ ಎಷ್ಟು ಮುಂಗಡ ತಗೊಂಡಿದ್ದಾರೆ, ಎಲ್ಲಾ ಒಂದು ಸಣ್ಣ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಸಾಫ್ಟ್‌ವೇರ್ ಬರೆದವನು ನಾನು. ಬ್ಯಾಕಪ್ ಜವಾಬ್ದಾರಿಯೂ ನಂದೇ.

ನನಗೇನೂ ಗಾಬರಿ ಆಗಲಿಲ್ಲ. ದಿನಾ ತಾನಾಗೇ ಬ್ಯಾಕಪ್ ಆಗುವ ಹಾಗೆ ಒಂದು ಸ್ಕ್ರಿಪ್ಟ್ ಬರೆದು ಇಟ್ಟಿದ್ದೆ. ಫೋಲ್ಡರ್ ತೆಗೆದೆ. ಏಳು ದಿನದ ಏಳು ಫೈಲ್, ಹೆಸರಲ್ಲೇ ತಾರೀಖು, ಸಾಲಾಗಿ ನಿಂತಿವೆ. ಪಕ್ಕದಲ್ಲಿ ಸೈಜ್ ನೋಡಿದೆ. 20. 20. 20. ಏಳಕ್ಕೂ 20. ಕೆಬಿ ಅಲ್ಲ, ಎಂಬಿ ಅಲ್ಲ. ಬೈಟ್.

ಈ 20 ಅನ್ನುವ ಅಂಕಿ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಫೋಲ್ಡರ್‌ನಲ್ಲೂ ಅದು ಇರಬಹುದು. ಪೋಸ್ಟ್‌ಗ್ರೆಸ್‌ನಿಂದ ಡೇಟಾ ತೆಗೆಯುವ ಪ್ರೋಗ್ರಾಂ ಪಿಜಿ-ಡಂಪ್. ಅದು ಉಗುಳಿದ್ದನ್ನು ಪೈಪ್ ಮೂಲಕ ಜಿಜಿಪ್‌ಗೆ ಕೊಟ್ಟು ಕುಗ್ಗಿಸುವುದು ಎಲ್ಲರೂ ಮಾಡುವ ಕೆಲಸ. ಜಿಜಿಪ್‌ಗೆ ಏನೂ ಕೊಡದಿದ್ದರೂ ಅದು ಬೇಜಾರು ಮಾಡಿಕೊಳ್ಳುವುದಿಲ್ಲ, ಒಂದು ಫೈಲ್ ಮಾಡಿಯೇ ಕೊಡುತ್ತದೆ: 10 ಬೈಟ್ ತಲೆ, 8 ಬೈಟ್ ಬಾಲ, ನಡುವೆ 'ಒಳಗೇನಿಲ್ಲ' ಅಂತ ಹೇಳಲು 2 ಬೈಟ್. ಒಟ್ಟು 20. ಕೆಲವು ತಿಂಗಳ ಹಿಂದೆ ನಾನು ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿದ್ದೆ, ಸ್ಕ್ರಿಪ್ಟ್‌ನಲ್ಲಿ ಬದಲಿಸಿರಲಿಲ್ಲ. ಪಿಜಿ-ಡಂಪ್ ಬಾಗಿಲಲ್ಲೇ ವಾಪಸ್ ಬಂತು. ಆದರೆ ಪೈಪ್‌ನಲ್ಲಿ ಕೊನೆಯ ಪ್ರೋಗ್ರಾಂ ಏನು ಹೇಳುತ್ತದೋ ಅದೇ ಇಡೀ ಸಾಲಿನ ಫಲಿತಾಂಶ. ಕೊನೆಯದು ಜಿಜಿಪ್, ಅದು ಪಾಸ್. ಹಾಗಾಗಿ ಸ್ಕ್ರಿಪ್ಟ್ 'ಎಲ್ಲಾ ಸರಿ ಹೋಯ್ತು' ಅಂದುಕೊಂಡು ಮುಂದಿನ ಸಾಲಿಗೆ ಹೋಯಿತು. ಮುಂದಿನ ಸಾಲು ಏನು ಗೊತ್ತಾ? ಏಳು ದಿನಕ್ಕಿಂತ ಹಳೆಯ ಬ್ಯಾಕಪ್ ಅಳಿಸು ಅನ್ನುವುದು. ದಿನಕ್ಕೊಂದು ಖಾಲಿ ಫೈಲ್ ಒಳಗೆ, ದಿನಕ್ಕೊಂದು ಒಳ್ಳೆ ಫೈಲ್ ಹೊರಗೆ. ವಾರದಲ್ಲಿ ಲೆಕ್ಕ ಚುಕ್ತಾ. ಸ್ಕ್ರಿಪ್ಟ್ ಮೊದಲಲ್ಲೇ 'ಪೈಪ್‌ಫೇಲ್' ಅನ್ನುವ ಒಂದು ಸೆಟ್ಟಿಂಗ್ ಹಾಕಿದ್ದರೆ ಸಾಕಿತ್ತು, ನಡುವೆ ಯಾರು ಬಿದ್ದರೂ ಇಡೀ ಸಾಲು ಫೇಲ್ ಆಗುತ್ತಿತ್ತು. ಹಾಕಿರಲಿಲ್ಲ.

ಉಳಿಸಿದ್ದು ಮುನೀಮರ ಕಿರ್ದಿ. ಕಂಪ್ಯೂಟರ್ ಬಂದ ಮೇಲೂ ಅವರು ಕೆಂಪು ಬಟ್ಟೆ ರಟ್ಟಿನ ಪುಸ್ತಕದಲ್ಲಿ ದಿನದ ವ್ಯವಹಾರ ಬರೆಯುವುದು ಬಿಟ್ಟಿರಲಿಲ್ಲ. ಎರಡು ರಾತ್ರಿ ಕೂತು ಅವರು ಓದಿದರು, ನಾನು ಟೈಪ್ ಮಾಡಿದೆ.

ಆಮೇಲೆ ಇದನ್ನೆಲ್ಲ ಕಂಟೇನರ್‌ನಲ್ಲಿ ಓಡುವ ಒಂದು ಸಿದ್ಧ ಟೂಲ್‌ಗೆ ವಹಿಸಿದೆ. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲೆಲ್ಲಿ ಕಾಲು ಜಾರುತ್ತದೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಪ್ರಶ್ನೆ. ಡೇಟಾಬೇಸ್ ಇರುವ ಫೋಲ್ಡರ್ ಅನ್ನೇ ಕಾಪಿ ಮಾಡಿ ಇಟ್ಟರೆ ಆಗಲ್ವಾ? ಆಗಲ್ಲ. ಮುನೀಮರು ಬರೆಯುತ್ತಾ ಇರುವಾಗಲೇ ನೀವು ಅವರ ಪುಸ್ತಕದ ಪುಟಗಳನ್ನು ಒಂದೊಂದಾಗಿ ಫೋಟೋ ತೆಗೆಯುತ್ತಿದ್ದೀರಿ ಅಂದುಕೊಳ್ಳಿ. ಮೊದಲ ಚೇಂಬರ್‌ನ ಪುಟದ ಫೋಟೋ ಆಯ್ತು. ಅಷ್ಟರಲ್ಲಿ ಅವರು 50 ಬಾಕ್ಸ್‌ಗಳನ್ನು ಮೂರನೇ ಚೇಂಬರ್‌ನಿಂದ ಒಂದನೆಯದಕ್ಕೆ ಹಾಕಿ ಬರೆದರು. ಆಮೇಲೆ ನೀವು ಮೂರನೆಯದರ ಫೋಟೋ ತೆಗೆದಿರಿ. ನಿಮ್ಮ ಫೋಟೋಗಳ ಪ್ರಕಾರ ಆ 50 ಬಾಕ್ಸ್ ಎಲ್ಲೂ ಇಲ್ಲ. ಓಡುತ್ತಿರುವ ಡೇಟಾಬೇಸ್‌ನ ಫೈಲ್‌ಗಳನ್ನು ಸುಮ್ನೆ ಕಾಪಿ ಹೊಡೆದರೆ ಆಗುವುದು ಇದೇ. ಪಿಜಿ-ಡಂಪ್ ಹಾಗೆ ಮಾಡುವುದಿಲ್ಲ. ಅದು ಶುರುವಾದ ಕ್ಷಣದಲ್ಲಿ ಡೇಟಾಬೇಸ್ ಹೇಗಿತ್ತೋ ಹಾಗೇ ಕೊನೆಯವರೆಗೂ ನೋಡುತ್ತದೆ, ನಡುವೆ ಯಾರು ಏನು ಬರೆದರೂ ಅದರ ಕಣ್ಣಿಗೆ ಬೀಳುವುದಿಲ್ಲ, ಬರೆಯುವವರನ್ನು ಅದು ತಡೆಯುವುದೂ ಇಲ್ಲ. ಮೈಎಸ್‌ಕ್ಯೂಎಲ್ ಅನ್ನುವ ಇನ್ನೊಂದು ಡೇಟಾಬೇಸ್‌ನಲ್ಲಿ ಇದೇ ಕೆಲಸಕ್ಕೆ ಮೈಎಸ್‌ಕ್ಯೂಎಲ್-ಡಂಪ್ ಇದೆ, ಆದರೆ ಅಲ್ಲಿ 'ಸಿಂಗಲ್ ಟ್ರಾನ್ಸಾಕ್ಷನ್' ಆಯ್ಕೆ ನೀವೇ ಕೊಡಬೇಕು, ಮತ್ತು ಟೇಬಲ್‌ಗಳು ಇನ್ನೋಡಿಬಿ ಅನ್ನುವ ಬಗೆಯವಾಗಿದ್ದರೆ ಮಾತ್ರ ಅದು ಉಪಯೋಗ.

ಇನ್ನು ಕೆಲವರು ಹೇಳುತ್ತಾರೆ, ನಮ್ಮ ಹತ್ತಿರ ರೆಪ್ಲಿಕಾ ಇದೆ, ಇನ್ನೊಂದು ಸರ್ವರ್‌ನಲ್ಲಿ ಎಲ್ಲವೂ ತಕ್ಷಣ ನಕಲಾಗುತ್ತದೆ, ಬ್ಯಾಕಪ್ ಯಾಕೆ ಅಂತ. ವಿಜಯಪುರದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಬೈದರೆ ಬೈಗುಳವೇ ತಿರುಗಿ ತಿರುಗಿ ಕೇಳಿಸುತ್ತದೆ. ರೆಪ್ಲಿಕಾನೂ ಅಷ್ಟೇ. ಮುನೀಮರು ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿ ಹೋಗುತ್ತದೆ. ಡಿಸ್ಕ್ ಸುಟ್ಟರೆ ರೆಪ್ಲಿಕಾ ಕಾಯುತ್ತದೆ, ಕೈತಪ್ಪಿಗೆ ಕಾಯುವುದಿಲ್ಲ.

ಈಗ ಕಂಟೇನರ್. ನಮ್ಮ ಕಡೆ ಊರಿಗೆ ಹೊರಟರೆ ಬುತ್ತಿ ಕಟ್ಟಿಕೊಂಡು ಹೋಗುತ್ತೇವಲ್ಲ. ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಎಲ್ಲಾ ಒಂದೇ ಗಂಟಿನಲ್ಲಿ. ಹೋದ ಊರಿನಲ್ಲಿ ಒಲೆ ಇದೆಯೋ ಇಲ್ಲವೋ, ಚಿಂತೆಯಿಲ್ಲ. ಕಂಟೇನರ್ ಅಂದರೆ ಪ್ರೋಗ್ರಾಂನ ಬುತ್ತಿ. ಪಿಜಿ-ಡಂಪ್, ಅದಕ್ಕೆ ಬೇಕಾದ ಲೈಬ್ರರಿಗಳು, ಕುಗ್ಗಿಸುವ ಟೂಲ್, ಹೊತ್ತಿಗೆ ಸರಿಯಾಗಿ ಎಬ್ಬಿಸುವ ಶೆಡ್ಯೂಲರ್, ಎಲ್ಲಾ ಒಂದೇ ಇಮೇಜ್‌ನಲ್ಲಿ, ಅಂದರೆ ಕಂಟೇನರ್ ಹುಟ್ಟುವ ಸಿದ್ಧ ಗಂಟಿನಲ್ಲಿ, ಕಟ್ಟಿಟ್ಟಿರುತ್ತದೆ. 2013ರಲ್ಲಿ ಕಂಟೇನರ್ ಓಡಿಸುವ ಡಾಕರ್ ಅನ್ನುವ ಸಾಫ್ಟ್‌ವೇರ್ ಬಂದ ಮೇಲೆ ಈ ಪದ್ಧತಿ ಮನೆಮಾತಾಯಿತು. ನಿಮ್ಮ ಸರ್ವರ್‌ನಲ್ಲಿ ಡಾಕರ್ ಬಿಟ್ಟು ಬೇರೇನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ. ನಾಳೆ ಮಷೀನ್ ಬದಲಾದರೆ ಅದೇ ಗಂಟು ಅಲ್ಲಿ ಬಿಚ್ಚಿದರಾಯಿತು.

ನಾನು ಹಾಕಿರುವುದು ಪೋಸ್ಟ್‌ಗ್ರೆಸ್-ಬ್ಯಾಕಪ್-ಲೋಕಲ್ ಅನ್ನುವ ಟೂಲ್. ಇಂಥವು ಇನ್ನೂ ಬಹಳ ಇವೆ, ಇದೇ ಆಗಬೇಕು ಅಂತಿಲ್ಲ. ಯಾವ ಯಾವ ಕಂಟೇನರ್ ಹೇಗೆ ಓಡಬೇಕು ಅಂತ ಬರೆದಿಡುವುದು ಡಾಕರ್ ಕಂಪೋಸ್ ಫೈಲ್. ಡೇಟಾಬೇಸ್ ಈಗಾಗಲೇ ಅದರಲ್ಲಿ ಒಂದು ಸರ್ವಿಸ್ ಆಗಿ ಓಡುತ್ತಿದ್ದರೆ, ಅದರ ಕೆಳಗೆ ಇನ್ನೊಂದು ಸರ್ವಿಸ್ ಸೇರಿಸುವುದು, ಅಷ್ಟೇ. ಹತ್ತು ಹನ್ನೆರಡು ಸಾಲು. ಯಾವ ಇಮೇಜ್, ಡೇಟಾಬೇಸ್ ಎಲ್ಲಿದೆ, ಯಾವ ಹೆಸರು, ಯಾವ ಯೂಸರ್, ಪಾಸ್‌ವರ್ಡ್ ಯಾವ ಫೈಲ್‌ನಲ್ಲಿದೆ, ಎಷ್ಟು ಹೊತ್ತಿಗೆ ಓಡಬೇಕು, ಎಷ್ಟು ದಿನ ಇಟ್ಟುಕೊಳ್ಳಬೇಕು, ಬ್ಯಾಕಪ್ ಎಲ್ಲಿ ಬೀಳಬೇಕು.

ನೋಡಲು ಸುಲಭ, ಆದರೆ ಒಂದೆರಡು ಕಡೆ ಎಲ್ಲರೂ ಬೀಳುತ್ತಾರೆ. 'ಡೇಟಾಬೇಸ್ ಎಲ್ಲಿದೆ' ಅನ್ನುವಲ್ಲಿ ಅಭ್ಯಾಸಬಲದಿಂದ ಲೋಕಲ್‌ಹೋಸ್ಟ್, ಅಂದರೆ 'ಇದೇ ಮಷೀನ್', ಅಂತ ಬರೆಯಬೇಡಿ. ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ಅಂದರೆ ಆ ಕಂಟೇನರೇ, ಅಲ್ಲಿ ಯಾವ ಡೇಟಾಬೇಸೂ ಇಲ್ಲ. ಕಂಪೋಸ್ ಫೈಲ್‌ನಲ್ಲಿ ಡೇಟಾಬೇಸ್ ಸರ್ವಿಸ್‌ಗೆ ಏನು ಹೆಸರಿಟ್ಟಿದ್ದೀರೋ ಆ ಹೆಸರು ಬರೆಯಬೇಕು. ಇನ್ನು 'ಎಲ್ಲಿ ಬೀಳಬೇಕು' ಅನ್ನುವುದು. ಕಂಟೇನರ್ ತೆಗೆದುಹಾಕಿದರೆ ಅದರೊಳಗೆ ಬರೆದದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ಬುತ್ತಿ ಬಟ್ಟೆ ಝಾಡಿಸಿದ ಹಾಗೆ. ಅದಕ್ಕೇ ಮಷೀನ್‌ನ ನಿಜವಾದ ಒಂದು ಫೋಲ್ಡರ್ ಅನ್ನು ಕಂಟೇನರ್‌ನ ಬ್ಯಾಕಪ್ ಫೋಲ್ಡರ್‌ಗೆ ಜೋಡಿಸಬೇಕು. ಇದನ್ನು ಮರೆತವರಿಗೆ ಬ್ಯಾಕಪ್ ದಿನಾ ಸರಿಯಾಗೇ ಆಗುತ್ತಿರುತ್ತದೆ, ಇಮೇಜ್ ಅಪ್‌ಡೇಟ್ ಮಾಡಿದ ದಿನ ಎಲ್ಲಾ ಮಾಯ.

ಆಮೇಲೆ ವರ್ಷನ್. ಸರ್ವರ್ ಪೋಸ್ಟ್‌ಗ್ರೆಸ್ 16 ಆಗಿದ್ದರೆ ಬ್ಯಾಕಪ್ ಇಮೇಜ್ ಕೂಡ 16 ಇರಲಿ. ಹಳೆಯ ಪಿಜಿ-ಡಂಪ್ ತನಗಿಂತ ಹೊಸ ಮೇಜರ್ ವರ್ಷನ್‌ನ ಸರ್ವರ್ ಕಂಡರೆ ಕೆಲಸ ಮಾಡಲ್ಲ ಅಂತ ಕೂತುಬಿಡುತ್ತದೆ. ಇದು ಸಣ್ಣ ವಿಷಯ ಅನ್ನಿಸಿದರೆ, ಪ್ರೋಗ್ರಾಮರ್‌ಗಳು ತಮ್ಮ ಕೋಡ್ ಇಡುವ ಗಿಟ್‌ಲ್ಯಾಬ್ ಅನ್ನುವ ತಾಣದ ಕಥೆ ಕೇಳಿ. 2017ರ ಜನವರಿ 31ರಂದು ಅಲ್ಲಿಯ ಒಬ್ಬ ಎಂಜಿನಿಯರ್ ತಪ್ಪು ಸರ್ವರ್‌ನಲ್ಲಿ ಡೇಟಾ ಫೋಲ್ಡರ್ ಅಳಿಸಿದರು, ಸುಮಾರು 300 ಜಿಬಿ. ಬ್ಯಾಕಪ್ ಹುಡುಕಿದರೆ ಇಡುವ ಜಾಗವೇ ಖಾಲಿ. ಸರ್ವರ್ 9.6, ಡಂಪ್ ತೆಗೆಯುತ್ತಿದ್ದದ್ದು 9.2, ಹಾಗಾಗಿ ಅದು ಪ್ರತಿ ಸಲವೂ ಫೇಲ್. ಫೇಲ್ ಆಗಿದೆ ಅಂತ ಮೇಲ್ ಹೋಗುತ್ತಿತ್ತು, ಆದರೆ ಸಹಿ ಸರಿಯಿಲ್ಲ ಅಂತ ಮೇಲ್ ಸರ್ವರ್ ಅದನ್ನು ಒಳಗೇ ಬಿಟ್ಟುಕೊಂಡಿರಲಿಲ್ಲ. ಕೊನೆಗೆ ಬೇರೆ ಯಾವುದೋ ಕೆಲಸಕ್ಕೆ ಆರು ಗಂಟೆ ಮುಂಚೆ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಉಳಿಸಿತು. ಅವರು ಇದನ್ನೆಲ್ಲ ಮುಚ್ಚಿಡದೆ ಪೂರ್ತಿ ಬರೆದು ಹಾಕಿದರು. ಓದಿದಾಗ ನನ್ನ 20 ಬೈಟ್‌ಗೆ ಸ್ವಲ್ಪ ಸಮಾಧಾನ ಆಯಿತು, ಸುಳ್ಳು ಯಾಕೆ ಹೇಳಲಿ.

ಇನ್ನು ಹೊತ್ತು. ನನಗೆ ಜಾಸ್ತಿ ಪಾಠ ಕಲಿಸಿದ್ದು ಇದೇ.

ಶೆಡ್ಯೂಲ್ ಬರೆಯುವುದು ಕ್ರಾನ್ ಲಿಪಿಯಲ್ಲಿ. ಕ್ರಾನ್ ಅಂದರೆ ಹೊತ್ತಿಗೆ ಸರಿಯಾಗಿ ಕೆಲಸ ಶುರು ಮಾಡಿಸುವ ಪ್ರೋಗ್ರಾಂ, ಯೂನಿಕ್ಸ್ ಕಾಲದ್ದು. ಐದು ಮನೆ: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರದ ದಿನ. ನಕ್ಷತ್ರ ಹಾಕಿದರೆ 'ಯಾವುದಾದರೂ ಸರಿ' ಅಂತ. ಹಾಗಾಗಿ 0 2 * * * ಅಂದರೆ ದಿನಾ ರಾತ್ರಿ 2 ಗಂಟೆ. ಕೆಲವು ಟೂಲ್‌ಗಳು ಮುಂದೆ ಸೆಕೆಂಡ್‌ಗೆ ಅಂತ ಇನ್ನೊಂದು ಮನೆ ಸೇರಿಸುತ್ತವೆ, ಅದನ್ನು ನೋಡಿಕೊಳ್ಳದಿದ್ದರೆ ನೀವು ಬರೆದ ಗಂಟೆ ನಿಮಿಷದ ಮನೆಯಲ್ಲಿ ಹೋಗಿ ಕೂರುತ್ತದೆ. ದೊಡ್ಡವರೆಲ್ಲ 2ಕ್ಕೆ ಇಡುತ್ತಾರೆ ಅಂತ ನಾನೂ 2ಕ್ಕೆ ಇಟ್ಟೆ. ಏಪ್ರಿಲ್, ಮೇ ಚೆನ್ನಾಗಿ ನಡೆಯಿತು. ಫೈಲ್ ಹೆಸರಲ್ಲೂ 0200 ಅಂತಲೇ ಇತ್ತು. ಜುಲೈನಲ್ಲಿ ಬ್ಯಾಕಪ್ ನಿಂತಿತು.

ಮುನೀಮರಿಗೆ ಫೋನ್ ಮಾಡಿದೆ.

"ರಾತ್ರಿ ಮಷೀನ್ ಚಾಲೂ ಇರತೈತಲ್ರೀ?"

"ಇಲ್ರಿ ಸರ. ಈಗ ಗಾಡಿ ಬರೂದಿಲ್ಲಲ್ರಿ. ಸಂಜಿಕ ಮನಿಗೆ ಹೋಗುಮುಂದ ಮೇನ್ ಆಫ್ ಮಾಡಿ ಹೋಗ್ತೇನ್ರಿ. ಸುಳ್ಳ ಬಿಲ್ ಯಾಕ್ರಿ?"

ತಪ್ಪೇನಿದೆ ಹೇಳಿ? ಸೀಸನ್‌ನಲ್ಲಿ ರಾತ್ರಿಯೆಲ್ಲ ಮಾಲು ಇಳಿಯುತ್ತದೆ, ಆಫೀಸ್ ತೆರೆದೇ ಇರುತ್ತದೆ. ಸೀಸನ್ ಮುಗಿದ ಮೇಲೆ ಕಂಪ್ರೆಸರ್ ಮಾತ್ರ ಓಡುತ್ತದೆ, ಆಫೀಸ್ ಕತ್ತಲು. ಮಷೀನ್ ಆಫ್ ಇದ್ದಾಗ ತಪ್ಪಿದ ಕೆಲಸವನ್ನು ಕ್ರಾನ್ ಆಮೇಲೆ ನೆನಪಿಸಿಕೊಂಡು ಮಾಡುವುದಿಲ್ಲ. ಹೋದ ಬಸ್ಸು ಹೋಯಿತು, ನಾಳೆಯದಕ್ಕೆ ಕಾಯಬೇಕು. ಸರಿ, ಜನ ಊಟಕ್ಕೆ ಎದ್ದಿರುವ ಮಧ್ಯಾಹ್ನ 1:30ಕ್ಕೆ ಇಡೋಣ, ಡಂಪ್ ಯಾರನ್ನೂ ತಡೆಯುವುದಿಲ್ಲವಲ್ಲ, ಅಂತ 30 13 * * * ಬರೆದೆ. ಆಗಲೂ ಬ್ಯಾಕಪ್ ಬರಲಿಲ್ಲ!

ಕಾರಣ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ಕಂಟೇನರ್‌ಗೆ ನೀವು ಹೇಳದೆ ಇದ್ದರೆ ಅದಕ್ಕೆ ವಿಜಯಪುರ ಗೊತ್ತಿಲ್ಲ, ಅದರ ಗಡಿಯಾರ ಯುಟಿಸಿಯಲ್ಲಿ ಓಡುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಲ್ಲಿಯ 13:30 ನಮಗೆ ಸಂಜೆ 7. ಮುನೀಮರು ಆರೂವರೆಗೇ ಮೇನ್ ಆಫ್ ಮಾಡಿ ಹೋಗಿರುತ್ತಾರೆ. ಅಂದರೆ ಏಪ್ರಿಲ್‌ನಿಂದ 'ರಾತ್ರಿ 2ಕ್ಕೆ' ಆಗುತ್ತಿದ್ದ ಬ್ಯಾಕಪ್ ನಿಜವಾಗಿ ಆಗುತ್ತಿದ್ದದ್ದು ಬೆಳಿಗ್ಗೆ 7:30ಕ್ಕೆ, ಫೈಲ್ ಹೆಸರು ಮಾತ್ರ 0200 ಅಂತ ನನ್ನನ್ನು ಸಮಾಧಾನ ಮಾಡುತ್ತಿತ್ತು. ಟೈಮ್‌ಝೋನ್ Asia/Kolkata ಅಂತ ಒಂದು ಸಾಲು ಸೇರಿಸಿದೆ, ಮುಗಿಯಿತು. ಆದರೆ ಆಲ್ಪೈನ್‌ನಂಥ ಪುಟಾಣಿ ಇಮೇಜ್‌ಗಳಲ್ಲಿ ಕೆಲವೊಮ್ಮೆ ಟೈಮ್‌ಝೋನ್ ಪಟ್ಟಿಯೇ ಇರುವುದಿಲ್ಲ. ಆಗ ಆ ಸಾಲು ಬರೆದರೂ ಅದು ಯುಟಿಸಿಯಲ್ಲೇ ಇರುತ್ತದೆ, ದೂರೂ ಹೇಳುವುದಿಲ್ಲ. ಕಂಟೇನರ್ ಒಳಗೆ ಹೋಗಿ ಒಮ್ಮೆ ಡೇಟ್ ಕಮಾಂಡ್ ಕೊಟ್ಟು ನೋಡುವುದು ಒಳ್ಳೆಯದು. ಕಂಟೇನರ್ ಶುರುವಾದ ತಕ್ಷಣ ಒಂದು ಬ್ಯಾಕಪ್ ತೆಗೆಯುವ ಆಯ್ಕೆ ಕೆಲವು ಟೂಲ್‌ಗಳಲ್ಲಿದೆ. ಕರೆಂಟ್ ಬಂದು ಹೋಗುವ ನಮ್ಮಂಥ ಕಡೆ ಅದನ್ನೂ ಆನ್ ಮಾಡಿಡಿ.

ಜುಲೈನಲ್ಲಿ ಬ್ಯಾಕಪ್ ನಿಂತದ್ದು ನನಗೆ ಎರಡನೇ ದಿನವೇ ಗೊತ್ತಾಯಿತು. ಹೇಗೆ? ಮೊದಲ ಸಲ ತಿಂಗಳುಗಟ್ಟಲೆ ಗೊತ್ತಾಗಿರಲಿಲ್ಲವಲ್ಲ. 'ಫೇಲ್ ಆದರೆ ಹೇಳು' ಅನ್ನುವ ವ್ಯವಸ್ಥೆಯನ್ನು ನಾನು ನಂಬುವುದು ಬಿಟ್ಟಿದ್ದೇನೆ. ಹೇಳಬೇಕಾದವನೇ ಸತ್ತಿದ್ದರೆ ಯಾರು ಹೇಳಬೇಕು? ಅದನ್ನು ತಿರುಗಿಸಿ ಇಡಬೇಕು. ರಾತ್ರಿ ಓಣಿಯಲ್ಲಿ ವಾಚ್‌ಮನ್ ಸೀಟಿ ಊದುತ್ತಾ ಹೋಗುತ್ತಾನೆ, ಕೇಳಿಸಿದರೆ ಮಗ್ಗುಲು ಬದಲಿಸಿ ಮಲಗುತ್ತೇವೆ. ಒಂದು ರಾತ್ರಿ ಸೀಟಿ ಕೇಳಿಸದಿದ್ದರೆ ಎಚ್ಚರವಾಗುತ್ತದೆ. ಹಾಗೆ, ಬ್ಯಾಕಪ್ ಸರಿಯಾಗಿ ಮುಗಿದಾಗ ಮಾತ್ರ ಅದು ಹೊರಗಿನ ಒಂದು ವಿಳಾಸಕ್ಕೆ ಸಣ್ಣ ಕರೆ ಕಳಿಸುತ್ತದೆ. ದಿನದೊಳಗೆ ಆ ಕರೆ ಬರದಿದ್ದರೆ ಹೊರಗಿನ ಸೇವೆಯೇ ನನ್ನ ಫೋನಿಗೆ ಮೆಸೇಜ್ ಹಾಕುತ್ತದೆ. ಹೆಲ್ತ್‌ಚೆಕ್ಸ್ ಅನ್ನುವ ಸೇವೆ ಇದಕ್ಕೆ ಸಾಕಷ್ಟು ಹೆಸರಾಗಿದೆ, ನಿಮ್ಮದೇ ಸರ್ವರ್‌ನಲ್ಲೂ ಹಾಕಿಕೊಳ್ಳಬಹುದು. ಹಾಕಿಕೊಂಡರೆ ಬೇರೆ ಮಷೀನ್‌ನಲ್ಲಿ ಹಾಕಿ. ವಾಚ್‌ಮನ್‌ನನ್ನು ಕಾಯುವವನು ವಾಚ್‌ಮನ್‌ನ ಪಕ್ಕದಲ್ಲೇ ಮಲಗಿದರೆ ಏನು ಬಂತು.

ಎಷ್ಟು ದಿನದ್ದು ಇಡಬೇಕು? ನನ್ನ ಟೂಲ್‌ನ ಲೆಕ್ಕ 7 ದಿನದ್ದು, 4 ವಾರದ್ದು, 6 ತಿಂಗಳದ್ದು. ಹೆಚ್ಚೆಂದರೆ 17 ಪ್ರತಿ. ನಮ್ಮ ಡಂಪ್ ಸುಮಾರು 40 ಎಂಬಿ, ಎಲ್ಲಾ ಸೇರಿ 700 ಎಂಬಿ ಒಳಗೇ. ಏಳು ದಿನದ್ದು ಮಾತ್ರ ಇಟ್ಟರೆ ಏನಾಗುತ್ತದೆ ಅಂತ ಮೇಲೆ ಹೇಳಿದೆನಲ್ಲ. ಕೆಲವು ತಪ್ಪು ತಿಂಗಳ ಮೇಲೆ, ಬಾಡಿಗೆ ಚುಕ್ತಾ ಮಾಡಲು ರೈತರು ಬಂದು ಕೂತಾಗಲೇ ಗೊತ್ತಾಗುವುದು.

ಎಲ್ಲಿಡಬೇಕು ಅನ್ನುವುದಕ್ಕೆ 3-2-1 ಅನ್ನುವ ಲೆಕ್ಕ ಇದೆ. ಪೀಟರ್ ಕ್ರೋಗ್ ಅನ್ನುವ ಫೋಟೋಗ್ರಾಫರ್ ಜನಪ್ರಿಯ ಮಾಡಿದ್ದು: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಊರ ಹೊರಗೆ. ಊರ ಹೊರಗೆ ಯಾಕೆ ಅಂತ ಪಕ್ಕದ ಬಾಗಲಕೋಟೆ, ಬೆಳಗಾವಿ ಜಿಲ್ಲೆಯವರನ್ನು ಕೇಳಿ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ, ಮಲಪ್ರಭಾ ಒಳಗೆ ನುಗ್ಗಿದಾಗ ಅಂಗಡಿಯ ಕಂಪ್ಯೂಟರೂ, ಅದರ ಪಕ್ಕದ ಕಪಾಟಿನ ಹಾರ್ಡ್ ಡಿಸ್ಕೂ ಒಂದೇ ನೀರಿನಲ್ಲಿ ಇದ್ದರೆ ಆ ಎರಡನೇ ಪ್ರತಿ ಯಾವ ಲೆಕ್ಕಕ್ಕೂ ಬರುವುದಿಲ್ಲ. ನಾನು ಒಂದು ಪ್ರತಿಯನ್ನು ಮುಂಬೈಯಲ್ಲಿರುವ ಕ್ಲೌಡ್ ಸ್ಟೋರೇಜ್‌ಗೆ ಕಳಿಸುತ್ತೇನೆ. ಕಳಿಸುವ ಮೊದಲು ಎನ್‌ಕ್ರಿಪ್ಟ್ ಮಾಡುತ್ತೇನೆ, ಯಾಕೆಂದರೆ ಅದರಲ್ಲಿ ರೈತರ ಹೆಸರು, ಫೋನ್, ಬ್ಯಾಂಕ್ ಖಾತೆ ಎಲ್ಲಾ ಇದೆ. ಬಿಚ್ಚುವ ಕೀಲಿ ಆಫೀಸಿನ ಮಷೀನ್‌ನಲ್ಲಿಲ್ಲ. ಕಳಿಸುವ ಖಾತೆಗೆ ಬರೆಯುವ ಅಧಿಕಾರ ಇದೆ, ಅಳಿಸುವ ಅಧಿಕಾರ ಇಲ್ಲ, ಹಳೆಯ ಪ್ರತಿಯ ಮೇಲೆ ಹೊಸದು ಬಿದ್ದರೂ ಹಳೆಯದು ಉಳಿಯುವ ಹಾಗೆ ವರ್ಷನಿಂಗ್ ಆನ್ ಇದೆ. ವೈರಸ್ ಬಂದು ಮಷೀನ್ ಪೂರ್ತಿ ಹಿಡಿದರೂ ಮುಂಬೈ ಪ್ರತಿಗೆ ಕೈ ಹಾಕಲಾಗದು.

ದಿನಕ್ಕೊಮ್ಮೆ ಅಂದರೆ ಕೆಟ್ಟರೆ ಒಂದು ದಿನದ ಕೆಲಸ ಹೋಗುತ್ತದೆ. ನಮಗೆ ನಡೆಯುತ್ತದೆ, ಕಿರ್ದಿ ಇದೆ. ನಿಮಗೆ ನಡೆಯದಿದ್ದರೆ ಡಂಪ್ ಸಾಲದು, ಮತ್ತು ಆ ದಾರಿಯೂ ನಮ್ಮ ಹಳೆಯ ಲೆಕ್ಕದ ಪದ್ಧತಿಯೇ. ಮುನೀಮರು ಮೊದಲು ಕಿರ್ದಿಯಲ್ಲಿ ಬರೆಯುತ್ತಾರೆ, ಆಮೇಲೆ ಖಾತೆಗೆ ಏರಿಸುತ್ತಾರೆ. ಪೋಸ್ಟ್‌ಗ್ರೆಸ್ ಕೂಡ ಪ್ರತಿ ಬದಲಾವಣೆಯನ್ನು ಮೊದಲು ವಾಲ್ ಅನ್ನುವ ಕಡತದಲ್ಲಿ ಬರೆದು ಆಮೇಲೆ ಟೇಬಲ್‌ಗೆ ಏರಿಸುತ್ತದೆ. ಹಳೆಯ ಖಾತೆಯ ಒಂದು ಪೂರ್ತಿ ಪ್ರತಿ ಇಟ್ಟುಕೊಂಡು, ಅಲ್ಲಿಂದ ಮುಂದಿನ ಕಿರ್ದಿ ಪುಟಗಳನ್ನು ಒಂದೊಂದಾಗಿ ಹೊರಗೆ ಕಳಿಸುತ್ತಾ ಹೋದರೆ, ಮುನೀಮರು ತಪ್ಪು ಬಟನ್ ಒತ್ತುವ ಒಂದು ನಿಮಿಷ ಮುಂಚಿನ ಸ್ಥಿತಿಗೆ ಹೋಗಬಹುದು. ಪಿಜಿ-ಬ್ಯಾಕ್‌ರೆಸ್ಟ್, ವಾಲ್-ಜಿ ಇಂಥ ಟೂಲ್‌ಗಳು ಇದಕ್ಕೇ ಇರುವುದು. ಕೆಲಸ ಜಾಸ್ತಿ. ಸಣ್ಣ ಅಂಗಡಿಗೆ ನಾನು ಹೇಳುವುದಿಲ್ಲ.

ಆದರೆ ವಾಪಸ್ ಹಾಕಿ ನೋಡುವುದನ್ನು ಎಂಥ ಸಣ್ಣ ಅಂಗಡಿಗೂ ಹೇಳುತ್ತೇನೆ. ಕಂಟೇನರ್‌ನ ನಿಜವಾದ ಸುಖ ಇಲ್ಲಿದೆ. ಪ್ರತಿ ಸೋಮವಾರ ಒಂದು ಖಾಲಿ ಪೋಸ್ಟ್‌ಗ್ರೆಸ್ ಕಂಟೇನರ್ ಹುಟ್ಟುತ್ತದೆ, ಕೊನೆಯ ಬ್ಯಾಕಪ್ ಅದರಲ್ಲಿ ಬಿಚ್ಚಿಕೊಳ್ಳುತ್ತದೆ, ಎರಡು ಪ್ರಶ್ನೆ ಕೇಳಲಾಗುತ್ತದೆ: ಕೊನೆಯ ನಮೂದಿನ ತಾರೀಖು ಯಾವುದು, ಎಲ್ಲಾ ಚೇಂಬರ್ ಸೇರಿ ಒಟ್ಟು ಎಷ್ಟು ಬಾಕ್ಸ್. ಉತ್ತರ ನನ್ನ ಫೋನಿಗೆ ಬರುತ್ತದೆ, ಕಂಟೇನರ್ ಅಳಿದು ಹೋಗುತ್ತದೆ. ಬಾಕ್ಸ್ ಲೆಕ್ಕವನ್ನು ಮುನೀಮರಿಗೆ ಕಳಿಸುತ್ತೇನೆ, ಅವರು ಕಿರ್ದಿ ನೋಡಿ "ಬರೋಬ್ಬರಿ ಐತ್ರಿ" ಅನ್ನುತ್ತಾರೆ. ಮೊದಲ ಸಲ ಹೀಗೆ ಬಿಚ್ಚಿದಾಗಲೇ ಗೊತ್ತಾಗಿದ್ದು, ಪಿಜಿ-ಡಂಪ್ ಒಂದು ಡೇಟಾಬೇಸ್ ಮಾತ್ರ ತೆಗೆಯುತ್ತದೆ, ಯೂಸರ್‌ಗಳನ್ನು ತೆಗೆಯುವುದಿಲ್ಲ ಅಂತ. ಅವು ಬೇಕಾದರೆ ಪಿಜಿ-ಡಂಪ್-ಆಲ್ ಬೇರೆ ಓಡಿಸಬೇಕು.

ಇತ್ತೀಚೆಗೆ ಮಾಲಕರು ಕೇಳಿದರು, ಮಷೀನೇ ಸುಟ್ಟು ಹೋದರೆ ಎಷ್ಟು ಹೊತ್ತಿಗೆ ಆಫೀಸ್ ಶುರುವಾಗುತ್ತದೆ ಅಂತ. ಬಾಯಿಗೆ ಬಂದದ್ದು ಹೇಳುವ ಬದಲು ಒಂದು ಹಳೆಯ ಲ್ಯಾಪ್‌ಟಾಪ್ ತಗೊಂಡು ಅವರ ಎದುರಿಗೇ ಮಾಡಿ ತೋರಿಸಿದೆ. 50 ನಿಮಿಷ ಹಿಡಿಯಿತು. ಅದರಲ್ಲಿ ಡೇಟಾ ವಾಪಸ್ ಹಾಕಿದ್ದು 2 ನಿಮಿಷ. ಉಳಿದದ್ದೆಲ್ಲ ಅಲ್ಲಿಯ ನೆಟ್‌ನಲ್ಲಿ ಇಮೇಜ್‌ಗಳು ಇಳಿಯುವುದನ್ನು ನೋಡುತ್ತಾ ಚಹಾ ಕುಡಿದದ್ದು. ಅವತ್ತೇ ಆ ಇಮೇಜ್‌ಗಳನ್ನು ಡಾಕರ್ ಸೇವ್ ಕಮಾಂಡ್‌ನಿಂದ ಫೈಲ್ ಮಾಡಿ ಒಂದು ಪೆನ್ ಡ್ರೈವ್‌ಗೆ ಹಾಕಿದೆ, ಜೊತೆಗೆ ಕಂಪೋಸ್ ಫೈಲ್, ಪಾಸ್‌ವರ್ಡ್ ಬಿಟ್ಟು. ಅದು ಈಗ ಮುನೀಮರ ಟೇಬಲ್ ಖಾನೆಯಲ್ಲಿ, ಕಿರ್ದಿ ಪುಸ್ತಕದ ಮೇಲೆ ಇದೆ.